ನಡುವೆ ಎಂತ ಉಂಟು?

ವಿಮಾನದ ಟಿಕೆಟು ಮಾರಿ ಹೊಟ್ಟೆ ಹೊರೆದವನು ನಾನು. ಕಾಪು ಪೇಟೆಯಲ್ಲಿ, ಹೆದ್ದಾರಿಯ ಬದಿಗೆ, ಬೇಕರಿಯ ಮೇಲಿನ ಮಹಡಿಯಲ್ಲಿ ನನ್ನ ಟ್ರಾವೆಲ್ ಏಜೆನ್ಸಿ. ದುಬೈ, ಮಸ್ಕತ್, ಬಹರೈನ್, ಕುವೈತ್ ಎಂದು ಈ ಕಡೆಯ ಎಷ್ಟೋ ಮನೆಗಳ ಗಂಡಸರನ್ನು ಕಡಲಾಚೆ ಕಳಿಸಿದ ಪುಣ್ಯವೋ ಪಾಪವೋ ನನ್ನ ತಲೆಯ ಮೇಲಿದೆ. ಅಂಥ ನನ್ನ ಎದುರು ಕುಳಿತು, "ಏಜೆಂಟ್ರೇ, ವಿಮಾನ ಬೇಡ. ನಾನು ಬೈಕಿನಲ್ಲಿ ಹೋಗುವುದು. ದಾರಿ ಹೇಗೆ ಅಂತ ಸ್ವಲ್ಪ ನೋಡಿ" ಎಂದು ಹೇಳುವ ಧೈರ್ಯ ಮಾಡಿದವರು ಒಬ್ಬರೇ ಒಬ್ಬರು. ಮೀನಿನಂಗಡಿಗೆ ಬಂದು ಬೆಂಡೆಕಾಯಿ ಕೇಳಿದ ಹಾಗಾಯಿತು ನನಗೆ.

ಆ ಮನುಷ್ಯ ಕಳೆದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬರೆದರೆ ಅಕ್ಕ ನನ್ನನ್ನು ಮನೆಯ ಮೆಟ್ಟಿಲು ಹತ್ತಿಸಲಿಕ್ಕಿಲ್ಲ. ಅಕ್ಕ ಎಂದರೆ ಅವರ ಹೆಂಡತಿ. ಸಂಬಂಧದಲ್ಲಿ ನನಗೆ ಏನೂ ಆಗಬೇಕಾದವರಲ್ಲ. ಅವರ ಕೈಯ ಅಡುಗೆ ತಿಂದು ತಿಂದು ಅಕ್ಕ ಆದರು.

ಅವರು ಕ್ರೇನ್ ಆಪರೇಟರ್. ಕಾಪು ಪಡುವಿನ ಮೀನುಗಾರರ ಮನೆಯವರು. ಅಪ್ಪ ಕಡಲಿಗೆ ಹೋಗುತ್ತಿದ್ದರು, ಮಗ ಕಡಲು ದಾಟಿ ಅಬುಧಾಬಿಯಲ್ಲಿ ಕ್ರೇನಿನ ಮೇಲೆ ಕುಳಿತರು. ಕಪ್ಪು ಬಣ್ಣ, ಗಟ್ಟಿ ಮೈ, ನಕ್ಕರೆ ಬದಿಯ ಹಲ್ಲೊಂದು ಇಲ್ಲದ್ದು ಕಾಣುತ್ತಿತ್ತು. ಮಾತು ಬಹಳ ಕಡಿಮೆ. ಬೆಳಗಿನಿಂದ ಸಂಜೆಯವರೆಗೆ ಎತ್ತರದ ಗಾಜಿನ ಡಬ್ಬದಲ್ಲಿ ಒಬ್ಬರೇ ಕೂರುವವರಿಗೆ ಯಾರ ಹತ್ತಿರ ಮಾತು? ಕೆಳಗೆ ನಿಂತವನು ಕೈಯಲ್ಲಿ ತೋರಿಸುತ್ತಾನೆ, ಮೇಲೆ ಕುಳಿತವರು ಅದರಂತೆ ಎತ್ತುತ್ತಾರೆ, ಇಳಿಸುತ್ತಾರೆ. ಆ ಕೈಭಾಷೆ ಅವರಿಗೆ ಎಷ್ಟು ಅಂಟಿತ್ತೆಂದರೆ ಊರಿಗೆ ಬಂದಾಗಲೂ ಬಾಯಿಗಿಂತ ಮೊದಲು ಕೈ ಏಳುತ್ತಿತ್ತು. ತೋರುಬೆರಳು ಮೇಲೆ ಮಾಡಿ ಸಣ್ಣಗೆ ತಿರುಗಿಸಿದರೆ ಕೆಲಸದ ಜಾಗದಲ್ಲಿ 'ಎತ್ತು' ಎಂದು ಅರ್ಥ. ಮನೆಯಲ್ಲಿ 'ಚಾ ತಾ' ಎಂದು. ಬೆರಳು ಕೆಳಗೆ ಮಾಡಿ ತಿರುಗಿಸಿದರೆ ಅಲ್ಲಿ 'ಇಳಿಸು', ಇಲ್ಲಿ 'ಟಿವಿಯ ಸ್ವರ ಕಡಿಮೆ ಮಾಡು'. ಅಕ್ಕ ಅಡುಗೆಮನೆಯ ಕಿಟಕಿಯಿಂದಲೇ ನೋಡಿ ಉತ್ತರವನ್ನೂ ಕೈಯಲ್ಲೇ ಕೊಡುತ್ತಿದ್ದರು. ಗಂಡ ಹೆಂಡತಿ ಮಾತಿಲ್ಲದೆ ಸಂಸಾರ ಮಾಡುವುದನ್ನು ಬೇರೆ ಮನೆಗಳಲ್ಲೂ ನೋಡಿದ್ದೇನೆ, ಆದರೆ ಅದು ಜಗಳವಾಡಿದ ದಿನ. ಇವರದು ನಿತ್ಯದ ಅಭ್ಯಾಸ.

ಒಮ್ಮೆ ರಜೆಯಲ್ಲಿ ಬಂದಿದ್ದಾಗ ಪಕ್ಕದ ಮನೆಯ ಟೆಂಪೋವನ್ನು ಓಣಿಯಿಂದ ಹಿಂದಕ್ಕೆ ತೆಗೆಯುತ್ತಿದ್ದರು. ಹೆದ್ದಾರಿಯ ಬದಿಯಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಕೈ ಎತ್ತಿದಳು. ಇವರು ಗಕ್ಕನೆ ಬ್ರೇಕ್ ಹಾಕಿ ನಿಂತರು, ಟೆಂಪೋದ ಒಳಗಿದ್ದ ತೆಂಗಿನ ಮಡಲು ಎಲ್ಲ ಚೆಲ್ಲಾಪಿಲ್ಲಿ.

"ಅವಳು ಬಸ್ಸಿಗೆ ಕೈ ತೋರಿಸಿದ್ದು ಮಾರಾಯ್ರೆ!" ಎಂದು ನಾನು ಕೂಗಿದೆ.

"ಇರಲಿ. ಕೈ ಎತ್ತಿದಳಲ್ವಾ?" ಎಂದರು. ಬಸ್ಸು ಬಂದು ಅವಳು ಹತ್ತಿ ಹೋಗುವವರೆಗೆ ಟೆಂಪೋ ಅಲ್ಲಾಡಲಿಲ್ಲ. ಆಮೇಲೆ ನನಗೆ ಬಿಡಿಸಿ ಹೇಳಿದರು. "ಎತ್ತು, ಇಳಿಸು, ತಿರುಗಿಸು, ಅದನ್ನೆಲ್ಲ ನೇಮಿಸಿದ ಒಬ್ಬ ಮಾತ್ರ ತೋರಿಸಬೇಕು ಏಜೆಂಟ್ರೇ. ಬೇರೆಯವ ತೋರಿಸಿದರೆ ನಾವು ಕೇಳುವುದಿಲ್ಲ. ನಿಲ್ಲಿಸು ಅಂತ ಮಾತ್ರ ಯಾರು ತೋರಿಸಿದರೂ ನಿಲ್ಲಿಸಬೇಕು. ಚಾ ತರುವವ ತೋರಿಸಿದರೂ ನಿಲ್ಲಿಸಬೇಕು. ಯಾಕೆ ಅಂತ ಆಮೇಲೆ ಕೇಳುವುದು."

ಎರಡು ವರ್ಷಕ್ಕೊಮ್ಮೆ ಅವರಿಗೆ ರಜೆ. ಬರುವಾಗಲೂ ಹೋಗುವಾಗಲೂ ಟಿಕೆಟು ನನ್ನದೇ. ಮೊದಲೆಲ್ಲ ಕಾಪುವಿನಿಂದ ಮುಂಬಯಿ ಬಸ್ಸು ಹತ್ತಿ, ಅಲ್ಲಿಂದ ವಿಮಾನ. ಬಜಪೆಯಿಂದ ನೇರ ವಿಮಾನ ಶುರುವಾದ ಮೇಲೆ ನನ್ನ ಓಮ್ನಿಯಲ್ಲಿ ನಾನೇ ಬಿಟ್ಟುಬರುತ್ತಿದ್ದೆ. ಅವರ ಪೆಟ್ಟಿಗೆ ಮಾತ್ರ ನೂರು ಪೆಟ್ಟಿಗೆಗಳ ನಡುವೆಯೂ ಗುರುತು ಸಿಗುತ್ತಿತ್ತು. ಬಲೆಯ ನೀಲಿ ಹಗ್ಗದಲ್ಲಿ, ಅಪ್ಪ ಕಲಿಸಿದ ಗಂಟುಗಳಲ್ಲಿ ಬಿಗಿದ ರಟ್ಟಿನ ಪೆಟ್ಟಿಗೆ ಅದು. ಒಮ್ಮೆ ತಪಾಸಣೆಯವರು ಬಿಚ್ಚಲು ಹೋಗಿ ಬೆವರಿ, ಕೊನೆಗೆ ಇವರನ್ನೇ ಕರೆಸಿ ಬಿಚ್ಚಿಸಿದರಂತೆ.

ವಿಮಾನ ನಿಲ್ದಾಣದಲ್ಲಿ ಬೇರೆ ಹೆಂಗಸರು ಅಳುತ್ತಿದ್ದರು. ಅಕ್ಕ ಅತ್ತವರಲ್ಲ. "ಎಲ್ಲ ಉಂಟಾ? ಪಾಸ್‌ಪೋರ್ಟ್ ಉಂಟಾ?" ಇಷ್ಟೇ ಅವರ ಮಾತು. ಇವರು ಅಂಗಿಯ ಕಿಸೆ ಮುಟ್ಟಿ ತೋರಿಸಿ ಒಳಗೆ ಹೋಗುತ್ತಿದ್ದರು. ಆದರೆ ಗಾಜಿನ ಬಾಗಿಲು ದಾಟಿದ ಮೇಲೆ ಒಮ್ಮೆ ತಿರುಗಿ ನಿಲ್ಲುತ್ತಿದ್ದರು. ಸುಮ್ಮನೆ ಅಲ್ಲ, ಹಿಂದಿನವರು ದೂಡಿದರೂ, ಕಾವಲಿನವನು ಗದರಿಸಿದರೂ ಅಕ್ಕನನ್ನೇ ನೋಡುತ್ತ ನಿಲ್ಲುತ್ತಿದ್ದರು. ಹೆಂಡತಿಯನ್ನು ಕಣ್ಣು ತುಂಬಿಸಿಕೊಳ್ಳುತ್ತಿದ್ದಾರೆ, ಪಾಪ, ಎಂದುಕೊಂಡು ನಾನು ಮುಖ ಆಚೆ ತಿರುಗಿಸುತ್ತಿದ್ದೆ.

ಆ ಬುಲೆಟ್ ಬೈಕು ಅವರು ಒಂದು ರಜೆಯಲ್ಲಿ ತೆಗೆದುಕೊಂಡದ್ದು. ತೆಗೆದುಕೊಂಡರು, ಮಲ್ಪೆಯವರೆಗೆ ಎರಡು ಸಲ ಹೋಗಿ ಬಂದರು, ರಜೆ ಮುಗಿಯಿತು. ಗಲ್ಫಿನವರ ಗಾಡಿಯ ಹಣೆಬರಹವೇ ಅಷ್ಟು. ಹಾಗೇ ನಿಲ್ಲಿಸಿದರೆ ಬ್ಯಾಟರಿ ಸಾಯುತ್ತದೆಂದು ಯಾರಾದರೂ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಬೇಕು. ಬೇರೆ ಮನೆಗಳಲ್ಲಿ ಮೈದುನನೋ ಅಳಿಯನೋ ಆ ಕೆಲಸ ಮಾಡುತ್ತಾನೆ, ಜೊತೆಗೆ ಪೇಟೆ ಸುತ್ತಿ ಪೆಟ್ರೋಲೂ ಮುಗಿಸುತ್ತಾನೆ. ಅಕ್ಕ ಯಾರನ್ನೂ ಹತ್ತಿರ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ನೈಟಿಯ ಮೇಲೊಂದು ಬೈರಾಸು ಹೊದ್ದು, ಎಡಗೈಯಲ್ಲಿ ಗೋಡೆ ಹಿಡಿದು, ಕಿಕ್ಕರಿನ ಮೇಲೆ ಹತ್ತಿ ನಿಂತು ತುಳಿಯುತ್ತಿದ್ದರು. ಗುಡುಗುಡು ಶಬ್ದ ಕೇಳಿದರೆ ಓಣಿಯವರಿಗೆಲ್ಲ ಇವತ್ತು ಭಾನುವಾರ ಎಂದು ಗೊತ್ತಾಗುತ್ತಿತ್ತು. ಅದು ಚೆನ್ನಾಗಿ ಬಿಸಿಯಾಗುವವರೆಗೆ ಪಕ್ಕದಲ್ಲೇ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದರು.

ಕೊರೊನಾ ಬಂದ ವರ್ಷ, ಅದು ಬರುವ ಸ್ವಲ್ಪ ಮುಂಚೆ, ಅವರು ಕೆಲಸ ಬಿಟ್ಟು ಪೂರ್ತಿಯಾಗಿ ಊರಿಗೆ ಬಂದರು. ಹಿಂದಿರುಗುವ ಟಿಕೆಟಿಲ್ಲದೆ ಅವರು ಬಂದದ್ದು ಅದೇ ಮೊದಲು. ಒಂದು ವಾರ ಕಳೆಯುವುದರೊಳಗೆ ನನ್ನ ಮಹಡಿ ಹತ್ತಿ ಬಂದು ಕುಳಿತರು.

"ಅಬುಧಾಬಿಗೆ ಹೋಗಬೇಕಿತ್ತು."

"ಎಂತದು ಮಾರಾಯ್ರೆ, ಮೊನ್ನೆ ಬಂದದ್ದಲ್ವಾ? ಬಟ್ಟೆ ಬಿಟ್ಟುಬಂದಿರಾ?"

ಆಗಲೇ ಅವರು ಬೈಕಿನ ವಿಷಯ ತೆಗೆದದ್ದು. ತಮಾಷೆ ಮಾಡುತ್ತಿದ್ದಾರೆಂದು ನಾನು ನಕ್ಕೆ. ಅವರು ನಗಲಿಲ್ಲ. "ಇಷ್ಟು ವರ್ಷ ನೀವು ಕೂರಿಸಿದ ಸೀಟಿನಲ್ಲಿ ಕೂತೆ. ಊಟ ಕೊಟ್ಟರು, ತಿಂದೆ, ಕಣ್ಣು ಮುಚ್ಚಿದೆ, ಬಿಟ್ಟರೆ ಅಬುಧಾಬಿ. ನನ್ನ ಮನೆಗೂ ಆ ರೂಮಿಗೂ ನಡುವೆ ಎಂತ ಉಂಟು? ನನಗೆ ಗೊತ್ತೇ ಇಲ್ಲ ಏಜೆಂಟ್ರೇ. ಒಮ್ಮೆ ನೋಡಬೇಕು."

ಅವರು ಅಷ್ಟು ಉದ್ದ ಮಾತನಾಡಿದ್ದು ನಾನು ಕೇಳಿರಲಿಲ್ಲ. ನನ್ನ ಅಂಗಡಿಯ ಗೋಡೆಯಲ್ಲಿ ವಿಮಾನ ಕಂಪೆನಿಯವರು ಕೊಟ್ಟ ಭೂಪಟವಿತ್ತು, ಆದರೆ ಅದರಲ್ಲಿ ಇದ್ದದ್ದು ವಿಮಾನದ ಕೆಂಪು ಗೆರೆಗಳು ಮಾತ್ರ. ರಸ್ತೆ ಒಂದೂ ಇಲ್ಲ. ಉಡುಪಿಗೆ ಹೋಗಿ ಮಕ್ಕಳ ಅಟ್ಲಾಸು ತಂದೆವು. ನೆಟ್ಟಗೆ ಹೋಗುವುದಾದರೆ ಪಂಜಾಬಿನಿಂದ ಪಾಕಿಸ್ತಾನ, ಅಲ್ಲಿಂದ ಇರಾನ್. ಎಷ್ಟು ಹೊತ್ತಿನ ಮಾತು! ಆದರೆ ಆ ಗಡಿಯ ಗೇಟಿನಲ್ಲಿ ನಮ್ಮಂಥವರ ಗಾಡಿ ಬಿಡುವುದಿಲ್ಲ. ಹಾಗಾಗಿ ನೇಪಾಳ, ಟಿಬೆಟ್, ಕಾಶ್ಗರ್, ಕಿರ್ಗಿಸ್ತಾನ, ಉಜ್ಬೆಕಿಸ್ತಾನ, ತುರ್ಕಮೆನಿಸ್ತಾನ ಎಂದು ಸುತ್ತಿ ಇರಾನಿಗೆ ಇಳಿದು, ಬಂದರ್ ಅಬ್ಬಾಸಿನಲ್ಲಿ ಗಾಡಿಯನ್ನು ಹಡಗಿಗೆ ಹತ್ತಿಸಿ ಶಾರ್ಜಾದಲ್ಲಿ ಇಳಿಸುವುದು. ಪಕ್ಕದ ಮನೆಗೆ ಹೋಗಲು ಊರೆಲ್ಲ ಸುತ್ತಿದ ಹಾಗೆ ಎಂದೆ. "ಸುತ್ತಿದರೆ ಒಳ್ಳೆಯದೇ ಅಲ್ವಾ, ಜಾಸ್ತಿ ನೋಡಬಹುದು" ಎಂದರು.

"ಭಾಷೆಗೆ ಎಂತ ಮಾಡ್ತೀರಿ?"

ಕೈ ಎತ್ತಿ ತೋರಿಸಿದರು. ನೇಪಾಳಿಯೋ ಉಜ್ಬೆಕಿಯೋ ಇರಾನಿಯೋ, ಕ್ರೇನಿನ ಕೆಳಗೆ ನಿಂತು ಅವರಿಗೆ ಕೈ ತೋರಿಸದ ದೇಶದವನಿಲ್ಲವಂತೆ.

ದಾರಿ ಗೊತ್ತಾಯಿತು ಎನ್ನುವಷ್ಟರಲ್ಲಿ ಲೋಕಕ್ಕೆಲ್ಲ ಬೀಗ ಬಿತ್ತು. ನನ್ನ ಅಂಗಡಿಗೂ ಬಿತ್ತು. ಹಾರುವ ವಿಮಾನವೇ ಇಲ್ಲದ ಮೇಲೆ ಟಿಕೆಟಿನವನು ಯಾರಿಗೆ ಬೇಕು? ಪೊಲೀಸರ ಕಣ್ಣು ತಪ್ಪಿಸಿ, ಕಡಲ ಬದಿಯ ದಾರಿಯಲ್ಲಿ ಅವರ ಮನೆಗೆ ಹೋಗಿ ಕೂರುವುದೇ ನನ್ನ ಉದ್ಯೋಗವಾಯಿತು. ಫೋನು ಹಿಡಿದು ಎಲ್ಲ ದೇಶಗಳ ಗಡಿ ಏನಾಯಿತೆಂದು ನೋಡಿ ಹೇಳುವುದು ನನ್ನ ಪಾಲು. ಇಂದು ತೆರೆಯುತ್ತದೆ, ಮುಂದಿನ ತಿಂಗಳು ತೆರೆಯುತ್ತದೆ, ಇನ್ನೂ ಗೊತ್ತಿಲ್ಲ. ನೇಪಾಳ ಸ್ವಲ್ಪ ಬಾಗಿಲು ತೆರೆದರೆ ಚೀನಾ ಗಟ್ಟಿ ಮುಚ್ಚಿತ್ತು. ಮಣಿಪುರದ ಕಡೆಯಿಂದ ಬರ್ಮಾ ಹೊಕ್ಕು ಬೇರೆ ದಾರಿ ಹಿಡಿಯೋಣವೆಂದರೆ ಅಲ್ಲಿ ಸೈನ್ಯದ ಗಲಾಟೆ ಎದ್ದಿತು. ತುರ್ಕಮೆನಿಸ್ತಾನದ ವಿಷಯ ಕೇಳುವುದೇ ಬೇಡ, ಅಲ್ಲಿ ಒಳಗಿನಿಂದ ಚಿಲಕ, ಹೊರಗಿನಿಂದ ಬೀಗ. ರಾಯಭಾರ ಕಚೇರಿಗಳಿಗೆ ಫೋನು ಮಾಡಿದರೆ ಪಾಪ, ಎತ್ತಿದವರಿಗೂ ಗೊತ್ತಿರಲಿಲ್ಲ, ಒಬ್ಬಾಕೆ ನನ್ನನ್ನೇ ಕೇಳಿದಳು, "ನಿಮಗೇನಾದರೂ ಸುದ್ದಿ ಬಂತಾ ಸರ್?"

ಇವರು ಮಾತ್ರ ತಯಾರಿ ನಿಲ್ಲಿಸಲಿಲ್ಲ. ಬೈಕಿನ ಎರಡು ಬದಿಗೆ ತಗಡಿನ ಪೆಟ್ಟಿಗೆ ಮಾಡಿಸಿದರು. ದೋಣಿಗೆ ಹೊದಿಸುವ ಟಾರ್ಪಾಲಿನಲ್ಲಿ ತಾವೇ ಡೇರೆ ಹೊಲಿದು, ಟಿಬೆಟಿನ ಡೇರೆವಾಸದ ಅಭ್ಯಾಸಕ್ಕೆಂದು ಅಂಗಳದಲ್ಲಿ ಮಧ್ಯಾಹ್ನ ಮಲಗಿದರು. ನಮ್ಮ ಏಪ್ರಿಲ್ ತಿಂಗಳಲ್ಲಿ ಟಾರ್ಪಾಲಿನ ಒಳಗೆ ಎಂಥ ಟಿಬೆಟು! ಬೆಂದು ಹೊರಗೆ ಬಂದರು. ಅಕ್ಕ ಎಳನೀರಿನ ಬೊಂಡ ಕೆತ್ತಿ ಕೈಗೆ ಕೊಟ್ಟು, ಬೆನ್ನಿಗೆ ಗಾಳಿ ಬೀಸುತ್ತ, "ಎಷ್ಟು ಹಿಮ ಉಂಟು ಒಳಗೆ?" ಎಂದು ಕೇಳಿದರು.

ನಾನು ಮೆಟ್ಟಿಲು ಹತ್ತುವಾಗ ಅಕ್ಕನದು ಪ್ರತಿದಿನ ಒಂದೇ ಪ್ರಶ್ನೆ. "ಎಂತ ಏಜೆಂಟ್ರೇ, ತೆಗೆದರಾ?" ಗಡಿಯ ವಿಷಯ. ಗಂಡನ ಪ್ರಯಾಣದ ಬಗ್ಗೆ ಎಷ್ಟು ಉತ್ಸಾಹ ಎಂದುಕೊಂಡಿದ್ದೆ. ಸತ್ಯ ತಿಳಿದದ್ದು ಊಟದ ಬಟ್ಟಲಿನಿಂದ. ಚೀನಾ ಇನ್ನೂ ಆರು ತಿಂಗಳು ತೆರೆಯುವುದಿಲ್ಲ ಎಂದು ಬೆಳಿಗ್ಗೆ ಹೇಳಿದರೆ ಮಧ್ಯಾಹ್ನ ಅಂಜಲ್ ಮೀನಿನ ಫ್ರೈ. ನೇಪಾಳದಲ್ಲಿ ಮಾತುಕತೆ ನಡೆಯುತ್ತಿದೆಯಂತೆ ಎಂದರೆ ಅಂದು ಗಂಜಿ, ಉಪ್ಪಿನಕಾಯಿ. ಹೊಟ್ಟೆಬಾಕ ನಾನು, ಇಂಥ ವಿಷಯ ನನ್ನ ಕಣ್ಣು ತಪ್ಪುವುದಿಲ್ಲ. ಎರಡು ಮೂರು ಸಲ ಪರೀಕ್ಷೆ ಮಾಡಿಯೂ ನೋಡಿದೆ. ಬೇಕೆಂದೇ ಒಂದು ದಿನ "ಇರಾನಿನವರು ಮುಚ್ಚಿದರಂತೆ" ಎಂದು ಸುಳ್ಳು ಹೇಳಿದೆ. ಸಿಗಡಿ ಸುಕ್ಕ ಬಂತು.

ಒಂದು ದಿನ ಇವರು ಬೇಸರದಿಂದ ಕಡಲ ಬದಿಗೆ ಹೋಗಿದ್ದಾಗ ಕೇಳಿಯೇಬಿಟ್ಟೆ. "ಅಕ್ಕ, ಇವತ್ತೂ ಅಂಜಲಾ?"

"ಎಂತ, ನಿಮಗೆ ತಿನ್ನಲಿಕ್ಕೆ ಆಗುವುದಿಲ್ಲವಾ?" ಎಂದು ದಬಾಯಿಸಿದರು. ನಾನು ನೋಡುತ್ತಲೇ ಇದ್ದೆ. ಅವರ ಸ್ವರ ಇಳಿಯಿತು. "ಮದುವೆಯಾದ ಮೇಲೆ ಒಂದು ಮಳೆಗಾಲ ಶುರುವಿನಿಂದ ಕೊನೆಯವರೆಗೆ ನಾವಿಬ್ಬರೂ ಒಟ್ಟಿಗೆ ಈ ಮನೆಯಲ್ಲಿ ಇದ್ದದ್ದು ಇದೇ ಮೊದಲು ಏಜೆಂಟ್ರೇ. ಮಗಳು ಹುಟ್ಟುವಾಗ ಅವರಿಲ್ಲ, ನನ್ನ ಅಮ್ಮ ಹೋಗುವಾಗ ಅವರಿಲ್ಲ. ಈ ಸೀಕಿಗೆ ಲೋಕವೇ ಶಾಪ ಹಾಕ್ತದೆ, ಹಾಕಬೇಕು. ಎಷ್ಟು ಜನ ಹೋದರು. ಆದರೆ ನೀವು ಬಂದು ಮುಚ್ಚಿದ್ದಾರೆ ಅಂತ ಹೇಳುವಾಗ ನನಗೆ ಒಳಗೆ ಹೇಗಾಗ್ತದೆ ಅಂದರೆ... ದೇವರು ಕ್ಷಮಿಸಲಿ."

"ಹಾಗಾದರೆ ಹೋಗಬೇಡಿ ಅಂತ ಅವರಿಗೆ ಹೇಳಿಬಿಡಿ. ಈಗ ದುಡಿಯಲಿಕ್ಕೆ ಹೋಗುವುದೂ ಅಲ್ಲವಲ್ಲ!"

ಅಕ್ಕ ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದರು. ಹೊರಟವರಿಗೆ ಬೇಡ ಎನ್ನಬಾರದು. ಗಲ್ಫಿನವರ ಮನೆಗಳಲ್ಲಿ ಅದೊಂದು ಕಟ್ಟಳೆಯೇ. ಹೊರಡುವ ಮುಂಚಿನ ವಾರವೆಲ್ಲ ಆ ಮಾತು ಯಾರ ಬಾಯಿಂದಲೂ ಬೀಳದಂತೆ ನೋಡಿಕೊಳ್ಳುತ್ತಾರೆ. ಬಾಯಿ ತಪ್ಪಿ ಆಡಿದರೆ ಹೋದವರಿಗೆ ಅಲ್ಲಿ ಒಳ್ಳೆಯದಾಗುವುದಿಲ್ಲವಂತೆ. "ನಾನು ಯಾವತ್ತೂ ಹೇಳಿದವಳಲ್ಲ. ಅವರಿಗೆ ಹೋಗಲಿಕ್ಕೆ ಮನಸ್ಸುಂಟು. ಅಡ್ಡ ಕೈ ಇಡುವುದು ಹೇಗೆ?" ಎಂದರು. ಇವರು ಬರುವ ಸದ್ದು ಕೇಳಿ ಒಲೆಯ ಕಡೆ ತಿರುಗಿದರು.

ಇತ್ತ ನೋಡಿದರೆ ಭೂಪಟದ ಮೇಲೆ ಉಗುರಿನಿಂದ ಗೆರೆ ಎಳೆಯುತ್ತ ಕುಳಿತ ಗಂಡ, ಅತ್ತ ನೋಡಿದರೆ ಆ ಗೆರೆ ಎಲ್ಲಾದರೂ ತುಂಡಾಗಲಿ ಎಂದು ಕಾಯುವ ಹೆಂಡತಿ. ನಾನು ಇಬ್ಬರಿಗೂ ಬೇಕಾದವನು, ಉಂಡದ್ದು ಇಬ್ಬರದೂ ಒಂದೇ ಮನೆಯ ಅನ್ನ. ಆದರೆ ಲೋಕ ಎಷ್ಟು ದಿನ ಮುಚ್ಚಿರುತ್ತದೆ? ಒಂದೊಂದೇ ಗಡಿ ತೆರೆಯತೊಡಗಿತು. ಕೊನೆಗೆ ಚೀನಾ ಕೂಡ ಬಾಗಿಲು ತೆರೆಯಿತು. ಆ ಸುದ್ದಿ ಹೇಳಲು ನಾನು ಎರಡು ದಿನ ಅವರ ಮನೆ ಕಡೆ ಹೋಗಲಿಲ್ಲ. ಮೂರನೆಯ ದಿನ ಅವರೇ ಟಿವಿಯಲ್ಲಿ ನೋಡಿ ಅಂಗಡಿಗೆ ಬಂದರು.

ಪರದೇಶಕ್ಕೆ ಗಾಡಿ ಒಯ್ಯಬೇಕಾದರೆ ಗಾಡಿಗೂ ಒಂದು ಪಾಸ್‌ಪೋರ್ಟಿನಂಥ ಕಾಗದ ಬೇಕು. ಅದಕ್ಕೆ ಮುಂಬಯಿಯ ಒಂದು ಆಫೀಸಿಗೆ ಬರೆದೆವು. ಅವರಿಂದ ಉತ್ತರ ಬಂತು: ಈ ಬೈಕು ನಿಮ್ಮದಲ್ಲ, ಮಾಲಕರ ಒಪ್ಪಿಗೆ ಕಳಿಸಿ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ನೆನಪಾಯಿತು. ಆ ರಜೆಯಲ್ಲಿ ಮಣಿಪಾಲದ ಆರ್‌ಟಿಓ ಕೆಲಸ ಮುಗಿಯುವ ಮೊದಲೇ ಇವರು ವಿಮಾನ ಹತ್ತಿದ್ದರು. ಕರೆಂಟು, ಗ್ಯಾಸು, ಮನೆತೆರಿಗೆ ಎಲ್ಲ ಹೇಗೆ ಮನೆಯಲ್ಲಿರುವ ಹೆಂಗಸರ ಹೆಸರಿನಲ್ಲಿರುತ್ತದೋ ಹಾಗೆ ಬೈಕೂ ಅಕ್ಕನ ಹೆಸರಿಗಾಗಿತ್ತು. ಆಫೀಸುಗಳಿಗೆ ಹೋಗಿ ನಿಲ್ಲಬೇಕಾದವರು ಅವರೇ ತಾನೆ. ಇಷ್ಟು ವರ್ಷ ಅದನ್ನು ನನ್ನ ಬೈಕು, ನನ್ನ ಬೈಕು ಎಂದು ಇವರು ಹೇಳಿದ್ದೇ ಹೇಳಿದ್ದು.

"ಅಷ್ಟೇ ಅಲ್ವಾ? ಒಂದು ಸೈನ್" ಎಂದು ನಗುತ್ತ ಎದ್ದರು. ನಾನೂ ಹಿಂದೆ ಹೋದೆ. ಹೋಗಬಾರದಿತ್ತು ಎಂದು ಈಗಲೂ ಅನಿಸುತ್ತದೆ, ಹೋದದ್ದೇ ಒಳ್ಳೆಯದಾಯಿತು ಎಂದೂ ಅನಿಸುತ್ತದೆ.

ಅಕ್ಕ ಹಿತ್ತಿಲಲ್ಲಿ ಬೂತಾಯಿ ಮೀನು ಶುಚಿ ಮಾಡುತ್ತಿದ್ದರು. ಇವರು ಕಾಗದ ಹಿಡಿದು ಜಗಲಿಯ ತುದಿಯಲ್ಲಿ ನಿಂತು, "ಬಾ, ಇಲ್ಲಿ ಒಂದು ಸೈನ್ ಹಾಕಲಿಕ್ಕುಂಟು. ಗಾಡಿ ನಿನ್ನದಂತೆ" ಎಂದರು. ಅಕ್ಕ ಕೈ ತೊಳೆದರು. ಸೆರಗಿನಲ್ಲಿ ಒರೆಸಿದರು. ಹತ್ತಿರ ಬಂದು ಕಾಗದವನ್ನು ಮೇಲಿಂದ ಕೆಳಗೆ ನೋಡಿದರು. ಪೆನ್ನು ನಾನೇ ಕಿಸೆಯಿಂದ ತೆಗೆದು ಚಾಚಿದ್ದೆ. ಅವರು ಪೆನ್ನು ತೆಗೆದುಕೊಳ್ಳಲಿಲ್ಲ. ಬಲಗೈ ಎತ್ತಿ, ಅಂಗೈಯನ್ನು ಗಂಡನ ಎದುರಿಗೆ ಹಿಡಿದರು.

"ಬೇಡ" ಎಂದರು. "ಹೋಗುವುದು ಬೇಡ ನೀವು."

ಇವರು ಕಲ್ಲಿನ ಹಾಗೆ ನಿಂತರು. ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು, ಬೈಕು ಸ್ಟಾರ್ಟ್ ಮಾಡಿದರು, ಹೊರಟೇಹೋದರು. ಅಕ್ಕ ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ. "ಹೇಳಿಬಿಟ್ಟೆನಲ್ಲ ಏಜೆಂಟ್ರೇ, ಎಂತ ಮಾಡಿದೆ ನಾನು" ಎಂದು ಅಲ್ಲೇ ಕುಸಿದು ಕುಳಿತರು. ಅವರು ಅತ್ತದ್ದನ್ನು ಅಂದು ನೋಡಿದೆ. ಬೆಕ್ಕು ಬಂದು ಬೂತಾಯಿ ಎಳೆದುಕೊಂಡು ಹೋದರೂ ಓಡಿಸುವವರಿರಲಿಲ್ಲ.

ಸಂಜೆಗೆ ಕಾರ್ಕಳದಿಂದ ಫೋನು ಬಂತು. ಇವರ ಸ್ವಂತ ಅಕ್ಕನ ಮನೆ ಅಲ್ಲಿ, ಆನೆಕೆರೆಯ ಹತ್ತಿರ. ನಮ್ಮ ಕಡೆಯ ಗಂಡಸರಿಗೆ ಮುನಿಸಿಕೊಂಡರೆ ಹೋಗಲು ಅಕ್ಕನ ಮನೆ ಎಂಬುದೊಂದು ಇದ್ದೇ ಇರುತ್ತದೆ. ಮರುದಿನ ಬೆಳಗಿನ ಬಸ್ಸಿಗೆ ನಾನು ಹೊರಟೆ. ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡೆ. ಜಗಲಿಯಲ್ಲಿ ಕುಳಿತಿದ್ದರು. ಚಪ್ಪಲಿ ಬಿಡುವುದಕ್ಕೂ ಮೊದಲು ಶುರು ಮಾಡಿದೆ.

"ನಾಚಿಕೆ ಆಗುವುದಿಲ್ಲವಾ ನಿಮಗೆ? ಈ ವಯಸ್ಸಿನಲ್ಲಿ ಹೆಂಡತಿಯ ಮೇಲೆ ಸಿಟ್ಟು ಮಾಡಿಕೊಂಡು..."

"ಯಾರಿಗೆ ಸಿಟ್ಟು?" ಎಂದರು. ಆಗ ಅವರ ಕಣ್ಣು ನೋಡಿದೆ. ಅತ್ತು ಅತ್ತು ಊದಿಕೊಂಡಿದ್ದವು. "ಅವಳ ಮುಂದೆ ಅಳಲಿಕ್ಕೆ ನಾಚಿಕೆ ಆಯಿತು ಮಾರಾಯ್ರೆ. ಅದಕ್ಕೆ ಇಲ್ಲಿಗೆ ಬಂದೆ."

ನಾನು ಪಕ್ಕದಲ್ಲಿ ಕುಳಿತೆ. ಹೊಂದಿಸಿಕೊಂಡ ಬೈಗುಳವೆಲ್ಲ ಮರೆತುಹೋಯಿತು. ಅವರೇ ಮಾತು ತೆಗೆದರು.

"ಬಜಪೆಯಲ್ಲಿ ಪ್ರತಿ ಸಲ ಗಾಜಿನ ಬಾಗಿಲಿನಿಂದ ತಿರುಗಿ ನೋಡುತ್ತಿದ್ದೆ, ನೆನಪುಂಟಾ? ಅವಳು ಕೈ ಎತ್ತುತ್ತಾಳಾ ಅಂತ ನೋಡುತ್ತಿದ್ದದ್ದು. ಮದುವೆಯಾದ ಹೊಸತರಲ್ಲಿ ಅವಳಿಗೆ ನಾನು ಮೊದಲು ಕಲಿಸಿದ್ದೇ ಆ ಒಂದು ಸಿಗ್ನಲ್. ಎತ್ತಿದ್ದರೆ ಪೆಟ್ಟಿಗೆ ಅಲ್ಲೇ ಬಿಟ್ಟು ಬರುತ್ತಿದ್ದೆ. ಒಮ್ಮೆಯೂ ಎತ್ತಲಿಲ್ಲ."

"ನೀವೇ ನಿಲ್ಲಬಹುದಿತ್ತಲ್ವಾ? ಯಾರು ಹೋಗಿ ಅಂತ ದೂಡಿದ್ದು?"

"ನಾನು ಹೇಗೆ ನಿಲ್ಲುವುದು? ಮೇಲೆ ಕೂತವನಿಗೆ ಕೆಳಗಿನದು ಕಾಣುವುದಿಲ್ಲ ಏಜೆಂಟ್ರೇ. ಮನೆಗೆ ಸಾಕಾ, ಸಾಲದಾ, ಇನ್ನೂ ಬೇಕಾ, ಅದು ನಿಂತು ನೋಡುವವಳಿಗೆ ಮಾತ್ರ ಗೊತ್ತು. ಅವಳು ಸುಮ್ಮನಿದ್ದಾಳೆ ಅಂದರೆ ನಾನು ಹೋಗಬೇಕಾದ್ದೇ ಅಂತ ಹೋದೆ."

ಎಂಥ ಜನ ಇವರು! ಹೊರಟವರಿಗೆ ಬೇಡ ಎನ್ನಬಾರದೆಂದು ಅಕ್ಕ ಬಾಯಿ ಕಟ್ಟಿಕೊಂಡು ನಿಂತರು. ಅಕ್ಕ ಕೈ ತೋರಿಸದೆ ನಿಲ್ಲಬಾರದೆಂದು ಇವರು ಹೋದರು. ನಾನು ನಡುವೆ ಕುಳಿತು ಟಿಕೆಟು ಹರಿದು ಕೊಟ್ಟೆ. ಸಿಟ್ಟು ಬಂತು, ಅಳುವೂ ಬಂತು. ಯಾವುದನ್ನು ಮೊದಲು ಮಾಡುವುದೆಂದು ತಿಳಿಯದೆ ಅವರ ತೊಡೆಗೊಂದು ಗುದ್ದಿದೆ.

"ಮತ್ತೆ ಈ ಬೈಕಿನ ಹುಚ್ಚು ಎಂತಕ್ಕೆ?"

"ಅವಳಿಂದ ನಾನು ಎಷ್ಟು ದೂರ ಇದ್ದೆ ಅಂತ ನೆಲದ ಮೇಲೆ ಹೋಗಿ ನೋಡಬೇಕು ಅಂತ ಇತ್ತು" ಎಂದರು. "ಇನ್ನು ಬೇಡ."

ಅವರ ಅಕ್ಕ ಹೊಟ್ಟೆ ತುಂಬ ನೀರುದೋಸೆ ತಿನ್ನಿಸಿ ಕಳಿಸಿದರು. ಬೆಳ್ಮಣ್ಣು, ಶಿರ್ವದ ದಾರಿಯಾಗಿ ನಾನು ಅವರ ಹಿಂದೆ ಕುಳಿತು ಕಾಪುವಿಗೆ ಬಂದೆ. ಮನೆಯಲ್ಲಿ ಅಂದು ಒಲೆ ಹಚ್ಚಿರಲಿಲ್ಲ. ಅಕ್ಕ ಬಾಗಿಲಲ್ಲೇ ನಿಂತು, "ಕೊಡಿ, ಸೈನ್ ಹಾಕ್ತೇನೆ. ನಾನು ನಿನ್ನೆ ಎಂತದೋ ಮಾತಾಡಿದೆ" ಎಂದರು. ಇವರು ತೋರುಬೆರಳು ಮೇಲೆ ಮಾಡಿ ಸಣ್ಣಗೆ ತಿರುಗಿಸಿದರು. ಅಕ್ಕ ಚಾ ಮಾಡಲು ಒಳಗೆ ಹೋದರು. ನಾನು ಕೇಳದಿದ್ದರೂ ನನಗೂ ಒಂದು ಗ್ಲಾಸು ಬಂತು.

ಆಮೇಲಿನ ವರ್ಷಗಳಲ್ಲಿ ಅವರಿಬ್ಬರೂ ಆ ಬೈಕಿನಲ್ಲಿ ಸುತ್ತಿದ್ದೇ ಸುತ್ತಿದ್ದು. ಸಂತೆಕಟ್ಟೆಯ ಮಗಳ ಮನೆ, ಉಚ್ಚಿಲದ ದೇವಸ್ಥಾನ, ಕಾರ್ಕಳ. ತಗಡಿನ ಪೆಟ್ಟಿಗೆಯೊಂದರಲ್ಲಿ ಅಕ್ಕ ಕಟ್ಟಿದ ಬುತ್ತಿ, ಇನ್ನೊಂದರಲ್ಲಿ ಛತ್ರಿ. ಬಂದ ಮೇಲೆ ಇವರು ನನ್ನ ಅಂಗಡಿಗೆ ಬಂದು ವರದಿ ಕೊಡಬೇಕು. "ಏಜೆಂಟ್ರೇ, ಕಾಪುವಿಗೂ ಹೂಡೆಗೂ ನಡುವೆ ಎಂತ ಉಂಟು ಗೊತ್ತುಂಟಾ?" ಎಂದು ಶುರು ಮಾಡಿದರೆ ಚಾದಂಗಡಿ, ದೋಣಿ, ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕುವವರು, ಯಾರದೋ ಮನೆಯ ನಾಯಿ, ಒಂದನ್ನೂ ಬಿಡುತ್ತಿರಲಿಲ್ಲ. ಮೂವತ್ತು ವರ್ಷ ಮಾತಾಡದ ಮನುಷ್ಯ! ಗಿರಾಕಿಗಳು ಕಾದು ಬೇಸತ್ತು ಎದ್ದು ಹೋಗುತ್ತಿದ್ದರು. ನನಗೆ ವ್ಯಾಪಾರ ನಷ್ಟವಾದರೂ ಹೊಟ್ಟೆ ತುಂಬುತ್ತಿತ್ತು.

ಕಳೆದ ಮಳೆಗಾಲದಿಂದ ಉಸಿರು ಕಟ್ಟತೊಡಗಿತು. ಮೊದಲು ಮೆಟ್ಟಿಲು ಹತ್ತುವಾಗ, ಆಮೇಲೆ ಅಂಗಳ ದಾಟುವಾಗ, ಆಮೇಲೆ ಮಾತಾಡುವಾಗ. ಶ್ವಾಸಕೋಶ ಗಟ್ಟಿಯಾಗುತ್ತಾ ಬರುತ್ತಿದೆ, ಅದಕ್ಕೆ ಮದ್ದಿಲ್ಲ ಎಂದು ಮಣಿಪಾಲದ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಮನೆಯಲ್ಲಿ ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರು ಬಂತು. ನಾನು ಹೋಗಿ ಕುಳಿತು ಯಾವ ಗಡಿ ತೆರೆದಿದೆ, ಯಾವುದು ಮುಚ್ಚಿದೆ ಎಂದು ಹಳೆಯ ಅಭ್ಯಾಸದಂತೆ ಹೇಳುತ್ತಿದ್ದೆ. ನಗುತ್ತಿದ್ದರು. ಕಡೆಗೊಂದು ದಿನ ಮಣಿಪಾಲದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವರು ಮನೆಗೆ ಬರಲಿಲ್ಲ.

ಉತ್ತರಕ್ರಿಯೆಯ ಬೊಜ್ಜ ಮುಗಿದು, ನೆಂಟರೆಲ್ಲ ಹೋದ ಮೇಲೆ ಅಕ್ಕನನ್ನು ನೋಡಲು ಹೋಗಿದ್ದೆ. ಚಾ ಕುಡಿಯುತ್ತ ಕುಳಿತಿದ್ದೆ. ಅವರೇ ಹೇಳಿದರು.

"ಕೊನೆಯ ದಿನ ಒಳಗೆ ಬಿಟ್ಟರು ನನ್ನನ್ನು. ಬಾಯಿಗೆ ಮಾಸ್ಕ್, ಮಾತಿಲ್ಲ. ನನ್ನನ್ನೇ ನೋಡುತ್ತಿದ್ದರು ಏಜೆಂಟ್ರೇ. ನಾನು ಎಂತ ಹೇಳುತ್ತೇನೆ ಅಂತ ಕಾಯುತ್ತಿದ್ದರು. ಒಂದೊಂದು ಉಸಿರಿಗೂ ಎಷ್ಟು ಕಷ್ಟ ಪಡುತ್ತಿದ್ದರು ಅಂದರೆ ನೋಡಲಿಕ್ಕೆ ಆಗುವುದಿಲ್ಲ. ಬೇಡ ಅಂದಿದ್ದರೆ ಆ ಕಷ್ಟದಲ್ಲೂ ನನಗಾಗಿ ನಿಲ್ಲುತ್ತಿದ್ದರು. ನನ್ನ ಮಾತು ಮೀರುವವರಲ್ಲ, ನನಗೆ ಗೊತ್ತುಂಟು. ಬೇಡ ಅಂತ ಬಾಯಿಯ ತುದಿಯವರೆಗೆ ಬಂದಿತ್ತು."

ಸೆರಗಿನಿಂದ ಮುಖ ಒರೆಸಿಕೊಂಡರು.

"ಹೋಗಿ ಬನ್ನಿ ಅಂತ ಹೇಳಿದೆ."